ಗುಡುಗಿದರೆ ಕಟಾವು ಮಷೀನ್ ನಿಲ್ಲುತ್ತದೆ: ಬಾಡಿಗೆ ನಿಯಮದ ಬದಲಾವಣೆ

ಮಾನ್ಯ ರೈತ ಬಾಂಧವರಿಗೆ ನಮಸ್ಕಾರಗಳು.

ಬೇಸಿಗೆ ಭತ್ತಕ್ಕೆ ಸಂಘ ಬಾಡಿಗೆಗೆ ಕೊಡುವ ಕಟಾವು ಮಷೀನ್‌ಗಳ ನಿಯಮ ಈ ಹಂಗಾಮಿನಿಂದ ಬದಲಾಗಿದೆ. ಒಂದು ಗುಡುಗು ಕಿವಿಗೆ ಬಿದ್ದರೂ ಮಷೀನ್ ನಿಲ್ಲುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆಯೇ ಮತ್ತೆ ಶುರು. ನಡುವೆ ಇನ್ನೊಮ್ಮೆ ಗುಡುಗಿದರೆ ಎಣಿಕೆ ಮೊದಲಿನಿಂದ. ನಿಂತ ಹೊತ್ತಿಗೆ ಬಾಡಿಗೆ ಇಲ್ಲ.

ಈವರೆಗೆ ಮೀಟರ್ ತಾಸಿನ ಲೆಕ್ಕದಲ್ಲಿ ಓಡುತ್ತಿತ್ತು, ನಿಂತರೂ ರೈತನಿಗೇ ಖರ್ಚು. ಹಾಗಾಗಿ "ಇನ್ನೊಂದೇ ಮಡಿ ಐತಿ, ಮುಗಿಸಿಬಿಡಪ್ಪ" ಎಂಬ ಒತ್ತಾಯ ಸಹಜವಾಗಿತ್ತು. ಹಣ್ಣಾದ ಬೆಳೆ ಮಳೆಗೆ ಮಲಗಿದರೆ ಎಷ್ಟು ನಷ್ಟ, ಗದ್ದೆ ಹಸಿಯಾದರೆ ಟೈರ್ ಮಷೀನ್ ಹೇಗೆ ಹೂತುಕೊಳ್ಳುತ್ತದೆ ಎಂಬುದು ನಮಗೂ ಗೊತ್ತು. ಆದರೆ ಸಿಡಿಲು ಮಳೆಗಾಗಿ ಕಾಯುವುದಿಲ್ಲ. ಮೋಡ 10 ಕಿ.ಮೀ. ಆಚೆ ಇದ್ದಾಗಲೂ ಬಡಿಯಬಲ್ಲದು. ಮಿಂಚಿ 3 ಸೆಕೆಂಡಿಗೆ ಗುಡುಗಿದರೆ ಸಿಡಿಲು ಬಿದ್ದಿದ್ದು ಒಂದು ಕಿ.ಮೀ. ದೂರದಲ್ಲಿ, 15 ಸೆಕೆಂಡಾದರೆ ಐದು. ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ಗದ್ದೆಗಳು ಬರೀ ಬಯಲು. ಅಲ್ಲಿ ಎತ್ತರಕ್ಕೆ ಇರುವುದು ಮಷೀನು, ಅದರ ಪಕ್ಕ ನಿಂತ ಮನುಷ್ಯರು.

ಅಶ್ವಿನಿ ಮಳೆಯಿಂದ ರೋಹಿಣಿ ಮಳೆವರೆಗೆ ಕಟಾವು ಬೆಳಿಗ್ಗೆ 7ಕ್ಕೆ ಶುರುವಾಗಿ ಮಧ್ಯಾಹ್ನ 3ಕ್ಕೆ ಮುಗಿಯುತ್ತದೆ. ನೆಲ ಕಾದು ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಈ ದಿನಗಳಲ್ಲಿ ಇಬ್ಬನಿ ಕಡಿಮೆ, ಹುಲ್ಲು ಬೇಗ ಒಣಗಿರುತ್ತದೆ. ಮುಂಗಾರು ಬೆಳೆಯ ಕಟಾವಿಗೆ ಈ ವೇಳೆ ಅನ್ವಯಿಸದು, ಆಗ ಇಬ್ಬನಿಯ ಹಸಿ ಹುಲ್ಲು ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ.

ನಿಲ್ಲಿಸುವಾಗ ಡ್ರೈವರ್ ಕಾಳು ಸುರಿಯುವ ಕೊಳವೆಯನ್ನು ಮಡಚಿ, ಮುಂದಿನ ಕಟರನ್ನು ನೆಲಕ್ಕಿಳಿಸಿ, ಎಂಜಿನ್ ಬಂದ್ ಮಾಡುತ್ತಾನೆ. ಸುತ್ತ ಮುಚ್ಚಿದ ಕ್ಯಾಬಿನ್ ಇದ್ದರೆ ಬಾಗಿಲು ಹಾಕಿ, ಲೋಹ ಮುಟ್ಟದೆ ಒಳಗೇ ಕೂರುತ್ತಾನೆ. ಕಾಪಾಡುವುದು ಟೈರಿನ ರಬ್ಬರ್ ಅಲ್ಲ, ಸುತ್ತಲಿನ ಲೋಹದ ಕವಚ. ಕರೆಂಟು ಅದರ ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ. ಬರೀ ಮೇಲೊಂದು ಚಾವಣಿ ಇರುವ ಮಷೀನಿಗೆ ಈ ರಕ್ಷಣೆ ಇಲ್ಲ, ಅದರ ಡ್ರೈವರ್ ಇಳಿದು ನಿಮ್ಮೊಂದಿಗೇ ಬರುತ್ತಾನೆ.

ಹಾಗಾಗಿ ಬುಕ್ ಮಾಡುವಾಗಲೇ ಗದ್ದೆಗೆ ಹತ್ತಿರದ ಪಕ್ಕಾ ಮನೆ ಯಾವುದು, ಇಲ್ಲವೇ ಗಾಜು ಏರಿಸಬಹುದಾದ ಕಾರು, ಜೀಪು ಇದೆಯೇ ಎಂದು ತಿಳಿಸಿ. ಬೇವಿನ ಮರ, ಜಾಲಿ ಮರ, ತಗಡಿನ ತೆರೆದ ಶೆಡ್ಡು, ಟ್ರಾಲಿಯ ಅಡಿ ಯಾವುದೂ ಆಸರೆಯಲ್ಲ. ಮರಕ್ಕೆ ಬಡಿದ ಸಿಡಿಲು ಪಕ್ಕದವರ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಿಯುತ್ತದೆ. ತಂತಿ ಬೇಲಿ, ಬೋರ್‌ವೆಲ್ ಪೈಪು, ಸ್ಟಾರ್ಟರ್ ಡಬ್ಬಿ ಮುಟ್ಟಬೇಡಿ. ರಾಶಿಗೆ ತಾಡಪತ್ರಿ ಹೊದಿಸುವುದಿದ್ದರೆ ಮೋಡ ಕಂಡಾಗಲೇ ಹೊದಿಸಿ, ಗುಡುಗಿದ ಮೇಲೆ ಬೇಡ. ಎಲ್ಲಿಗೂ ಓಡಲಾಗದಿದ್ದರೆ ಒಬ್ಬರಿಂದೊಬ್ಬರು 50 ಅಡಿ ದೂರ ಸರಿದು, ಎರಡೂ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಡಿ. ಉಸಿರಾಟ ನಿಂತಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಲೇ ಇರಿ.

ನಿಂತ ಮತ್ತು ಮತ್ತೆ ಶುರುವಾದ ವೇಳೆಯನ್ನು ಡ್ರೈವರ್ ಚೀಟಿಯಲ್ಲಿ ಬರೆಯುತ್ತಾನೆ. ಸಹಿ ಹಾಕುವ ಮುನ್ನ ನೋಡಿಕೊಳ್ಳಿ. ಉಳಿದ ಗದ್ದೆಯ ಕಟಾವು ಮರುದಿನ ಬೆಳಿಗ್ಗೆ, ಹೊಸ ಬುಕಿಂಗ್‌ಗಳಿಗಿಂತ ಮೊದಲು.

ಇಂತಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)