ರಿಪೋರ್ಟ್ ನಾರ್ಮಲ್ ಎಂದಾಕ್ಷಣ ಕಾಯಿಲೆ ಸುಳ್ಳಾಗುವುದಿಲ್ಲ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಮ್ಮ ಜನ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಎಲ್ಲರೆದುರೇ ನುಂಗುತ್ತಾರೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ ಎಂದು ಸಮಾಜ ಒಪ್ಪಿಕೊಂಡು ಬಹಳ ಕಾಲವಾಯಿತು. ಆದರೆ ಸ್ಕ್ಯಾನಿಂಗ್, ಎಂಡೋಸ್ಕೋಪಿ, ರಕ್ತಪರೀಕ್ಷೆ ಯಾವುದರಲ್ಲೂ ಕಾಣಿಸದೆ ವರ್ಷಗಟ್ಟಲೆ ಮನುಷ್ಯನನ್ನು ಹಣ್ಣು ಮಾಡುವ ಕಾಯಿಲೆಗಳೂ ಇವೆ. ಹೊಟ್ಟೆ ನೋವು, ಭೇದಿ, ಮಲಬದ್ಧತೆಗಳ ನಡುವೆ ಓಲಾಡಿಸುವ ಐಬಿಎಸ್, ಮೈಯೆಲ್ಲ ನೋಯಿಸುವ ಫೈಬ್ರೊಮಯಾಲ್ಜಿಯಾ, ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಅಪಸ್ಮಾರದ ಗುರುತು ಇಲ್ಲದೆಯೂ ಬರುವ ಫಿಟ್ಸ್, ನರಕ್ಕೆ ಪೆಟ್ಟಾಗದೆಯೂ ಸೋತುಹೋಗುವ ಕೈಕಾಲು ಇವೆಲ್ಲ ಈ ಗುಂಪಿನವು. ಅಂಗ ಕೆಡದೆ ಅಂಗದ ಕೆಲಸ ಕೆಡುವ ಇವುಗಳನ್ನು ವೈದ್ಯರು ಫಂಕ್ಷನಲ್ ಕಾಯಿಲೆಗಳು ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ದುಡಿದು ನಿವೃತ್ತನಾದ ನಾನು ಕಂಡಂತೆ, ಈ ರೋಗಿಗಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಲು ಮರೆವಿಗಿಂತಲೂ ಅಸಡ್ಡೆಗಿಂತಲೂ ದೊಡ್ಡ ಕಾರಣ ನಾಚಿಕೆ. ಆ ನಾಚಿಕೆಯನ್ನು ಅವರ ತಲೆಯ ಮೇಲೆ ಹೊರಿಸುತ್ತಿರುವವರು ಆಸ್ಪತ್ರೆಯವರು, ಮೆಡಿಕಲ್ ಶಾಪಿನವರು ಮತ್ತು ಮನೆಯವರು.

ದೀರ್ಘಕಾಲದ ಯಾವುದೇ ಕಾಯಿಲೆಯಲ್ಲಿ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರ ಪ್ರಮಾಣ ಮುಂದುವರಿದ ದೇಶಗಳಲ್ಲೇ ಸರಾಸರಿ ಶೇ 50ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ಖರ್ಚು, ದೂರ, ಅಡ್ಡಪರಿಣಾಮ ಎಲ್ಲರನ್ನೂ ಕಾಡುತ್ತವೆ. ಫಂಕ್ಷನಲ್ ಕಾಯಿಲೆಯವರಿಗಾದರೋ ಇವುಗಳ ಮೇಲೆ ಇನ್ನೊಂದು ಹೊರೆಯಿದೆ. ತಮಗೆ ಕಾಯಿಲೆ ಇರುವುದು ನಿಜವೆಂದು ಅವರು ದಿನವೂ ಸಾಬೀತುಪಡಿಸುತ್ತಿರಬೇಕು.

ನಮ್ಮ ಕೌಂಟರಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಸೆರಗಿನ ಮರೆಯಿಂದ ಕ್ಯಾಲ್ಸಿಯಂ ಮಾತ್ರೆಯ ಖಾಲಿ ಡಬ್ಬಿಯೊಂದನ್ನು ತೆಗೆದು, ‘ಅಣ್ಣಾ, ಸ್ಟ್ರಿಪ್‌ನಿಂದ ಬಿಡಿಸಿ ಇದರೊಳಗೆ ಹಾಕಿಕೊಡಿ, ಹೆಸರು ಕಾಣಬಾರದು’ ಎನ್ನುತ್ತಿದ್ದಳು. ಸ್ಟ್ರಿಪ್ಪಿನ ಮೇಲಿನ ಹೆಸರನ್ನು ಮೈದುನ ಫೋನಿನಲ್ಲಿ ಹುಡುಕಿ ನೋಡಿದ್ದನಂತೆ. ಅಂದಿನಿಂದ ಅತ್ತೆ ಅವಳ ಹೊಟ್ಟೆನೋವನ್ನು ಕೆಲಸಗಳ್ಳತನದ ನೆಪವೆಂದೂ, ಮಾತ್ರೆಯನ್ನು ಹುಚ್ಚಿನ ಮಾತ್ರೆಯೆಂದೂ ಕರೆಯತೊಡಗಿದ್ದರು. ಹೀಗೆ ಬಿಡಿಸಿದ ಮಾತ್ರೆಗಳಿಗೆ ತೇವ ತಗಲುತ್ತದೆ, ಒಂದರ ಜೊತೆ ಇನ್ನೊಂದು ಬೆರೆತು ಅದಲು ಬದಲಾಗುತ್ತದೆ, ಮುಗಿಯುವ ದಿನಾಂಕವೂ ತಿಳಿಯದೆ ಹೋಗುತ್ತದೆ. ಅವಳಿಗೆ ಅದೆಲ್ಲ ಗೊತ್ತಿತ್ತು. ಆದರೂ ಮಾತ್ರೆ ಹಾಳಾದೀತೆಂಬ ಭಯಕ್ಕಿಂತ ಅದು ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯವೇ ಅವಳಿಗೆ ದೊಡ್ಡದಾಗಿತ್ತು.

ಆ ಮಾತ್ರೆ ಅಮಿಟ್ರಿಪ್ಟಿಲಿನ್. ಖಿನ್ನತೆಗೆ ಕೊಡುತ್ತಿದ್ದ ಹಳೆಯ ಔಷಧವೆಂಬುದು ನಿಜ, ಆದರೆ ಆಗ ಅದರ ಪ್ರಮಾಣ ಸಾಮಾನ್ಯವಾಗಿ 75 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ಹೊಟ್ಟೆಯ ನೋವಿಗೆ ಕೊಡುವುದು 10ರಿಂದ 30 ಮಿಲಿಗ್ರಾಂ ಮಾತ್ರ. ಕರುಳು ಮತ್ತು ಮಿದುಳಿನ ನಡುವೆ ನೋವಿನ ಸುದ್ದಿ ಒಯ್ಯುವ ನರಗಳ ಅತಿ ಸೂಕ್ಷ್ಮತೆಯನ್ನು ತಗ್ಗಿಸುವುದು ಇಲ್ಲಿನ ಉದ್ದೇಶ. ಇಂಗ್ಲೆಂಡಿನಲ್ಲಿ 463 ಐಬಿಎಸ್ ರೋಗಿಗಳ ಮೇಲೆ ನಡೆದು 2023ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಟ್ಲಾಂಟಿಸ್ ಅಧ್ಯಯನದಲ್ಲಿ, ಈ ಅಲ್ಪ ಪ್ರಮಾಣದ ಮಾತ್ರೆ ಪಡೆದವರಲ್ಲಿ ಆರು ತಿಂಗಳ ಬಳಿಕ ಸುಧಾರಣೆ ಕಂಡುಬರುವ ಸಾಧ್ಯತೆ, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಿಗಿಂತ ಗಮನಾರ್ಹವಾಗಿ ಹೆಚ್ಚಿತ್ತು. ಅಲ್ಲಿ ರೋಗಿಗಳ ಕೈಗೆ ಒಂದು ಕರಪತ್ರ ಕೊಟ್ಟು, ತಮಗೆ ಹೊಂದುವಂತೆ ಪ್ರಮಾಣವನ್ನು ಆ ಮಿತಿಯೊಳಗೆ ಹೆಚ್ಚಿಸಿ ತಗ್ಗಿಸಿಕೊಳ್ಳುವುದು ಹೇಗೆಂದು ತಿಳಿಸಲಾಗಿತ್ತು. ನನ್ನ ಮಟ್ಟಿಗೆ ಆ ಕರಪತ್ರ ಮಾತ್ರೆಯಷ್ಟೇ ಮುಖ್ಯವಾದದ್ದು. ಏಕೆಂದರೆ ಬಾಯಿ ಒಣಗುವುದು, ತೂಕಡಿಕೆ ಬರುವುದು ಮೊದಲ ವಾರದಲ್ಲೇ ಶುರುವಾಗುತ್ತದೆ, ನೋವು ತಗ್ಗಲು ಹಲವು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ರೋಗಿಗೆ ಕಾಣುವುದು ಬರೀ ಕೆಡುಕು. ಅದೇ ಹೊತ್ತಿಗೆ ಅಂಗಡಿಯವನೊಬ್ಬ ನಾಲ್ಕು ಜನರೆದುರು ‘ಇದು ಡಿಪ್ರೆಶನ್ ಮಾತ್ರೆ, ನಿಮಗ್ಯಾಕೆ ಬರೆದರು?’ ಎಂದುಬಿಟ್ಟರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು.

ಮೊದಲ ಪೆಟ್ಟು ಬೀಳುವುದು ಬಹಳ ಸಲ ವೈದ್ಯರ ಕೊಠಡಿಯಲ್ಲೇ. ರಿಪೋರ್ಟುಗಳನ್ನು ತಿರುವಿಹಾಕಿ ‘ನಿಮಗೇನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ’ ಎಂದು ಹೇಳಿ, ಅದರ ಬೆನ್ನಿಗೇ ಮಾತ್ರೆ ಬರೆದರೆ, ಏನೂ ಇಲ್ಲದ್ದಕ್ಕೆ ಔಷಧ ಯಾಕೆಂದು ರೋಗಿ ಕೇಳಿಕೊಳ್ಳದೆ ಇದ್ದಾನೆಯೇ? ಈ ಕಾಯಿಲೆಗಳು ಬೇರೆಲ್ಲ ಪರೀಕ್ಷೆ ಮುಗಿದ ಮೇಲೆ ಉಳಿಯುವ ಹೆಸರಿಲ್ಲದ ಶೇಷವಲ್ಲ. ಐಬಿಎಸ್ ಅನ್ನು ಲಕ್ಷಣಗಳಿಂದಲೇ ಗುರುತಿಸಲು 2016ರ ರೋಮ್ ಮಾನದಂಡಗಳಿವೆ. ಫಂಕ್ಷನಲ್ ಆಗಿ ಸೋತ ಕಾಲನ್ನು ಗುರುತಿಸುವ ಹೂವರ್ ಪರೀಕ್ಷೆ 1908ರಷ್ಟು ಹಳೆಯದು.

ಆ ಪರೀಕ್ಷೆಯನ್ನು ನಮ್ಮ ಆಸ್ಪತ್ರೆಗೆ ಬರುತ್ತಿದ್ದ ವೈದ್ಯರೊಬ್ಬರು ಮಾಡಿದ್ದನ್ನು ನೋಡಿದ್ದೇನೆ. ಮಲಗಿದ್ದ ಹೆಂಗಸಿನ ಸೋತ ಕಾಲಿನ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು ‘ಕೆಳಕ್ಕೆ ಒತ್ತಮ್ಮ’ ಎಂದರು. ಆಕೆಗೆ ಆಗಲಿಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು, ಇನ್ನೊಂದು ಕಾಲನ್ನು ತಮ್ಮ ಮತ್ತೊಂದು ಕೈಯ ಒತ್ತಡಕ್ಕೆ ಎದುರಾಗಿ ಮೇಲೆತ್ತಲು ಹೇಳಿದಾಗ, ಸೋತ ಕಾಲಿನ ಹಿಮ್ಮಡಿ ತಾನಾಗಿಯೇ ಅವರ ಅಂಗೈಯನ್ನು ಬಲವಾಗಿ ಒತ್ತಿತು. ಆ ವೈದ್ಯರು ಗಂಡನನ್ನು ಹತ್ತಿರ ಕರೆದು, ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಿ, ‘ಕಾಲಲ್ಲಿ ಬಲ ಇದೆ, ನರವೂ ಸರಿಯಿದೆ. ಇವರು ಬೇಕೆಂದಾಗ ಆ ಬಲ ಒದಗುತ್ತಿಲ್ಲ. ಇದು ನಾಟಕ ಅಲ್ಲ, ವ್ಯಾಯಾಮದಿಂದ ಹಿಂದಿರುಗಿ ಬರಬಹುದಾದದ್ದು’ ಎಂದು ವಿವರಿಸಿದರು. ಇದೇ ಪರೀಕ್ಷೆಯನ್ನು ಕಳ್ಳರನ್ನು ಹಿಡಿದವರಂತೆ ಮಾಡಿ ರೋಗಿಯನ್ನು ಕುಗ್ಗಿಸಿಬಿಡುವುದೂ ಸಾಧ್ಯ. ಎಡಿನ್‌ಬರೋದ ನರತಜ್ಞ ಜಾನ್ ಸ್ಟೋನ್ ಅವರಂಥವರು ರೋಗಿಗೆ ಈ ಚಿಹ್ನೆಯನ್ನು ತೋರಿಸಿ ವಿವರಿಸಬೇಕೆಂದು ಬಹಳ ಕಾಲದಿಂದ ಹೇಳುತ್ತ ಬಂದಿರುವುದು, ವಿವರಣೆಯೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂಬ ಕಾರಣಕ್ಕೆ.

ಫಿಟ್ಸ್ ವಿಷಯದಲ್ಲಿ ಕಳಂಕ ಇನ್ನೂ ಕ್ರೂರವಾಗಿದೆ. ಹಳ್ಳಿಯಲ್ಲಿ ದೆವ್ವ ಬಡಿದಿದೆ ಎನ್ನುತ್ತಾರೆ, ಪಟ್ಟಣದಲ್ಲಿ ನಾಟಕ ಎನ್ನುತ್ತಾರೆ, ಮದುವೆಯಾಗದ ಹುಡುಗಿಯಾದರೆ ಇಡೀ ಮನೆಯೇ ಸುದ್ದಿಯನ್ನು ಹುಗಿದಿಡುತ್ತದೆ. ಫಂಕ್ಷನಲ್ ಫಿಟ್ಸ್ ಎಂದು ಖಚಿತಪಡಿಸಿಕೊಳ್ಳಲು ವಿಡಿಯೊ ಇಇಜಿ ಬೇಕು, ಅದು ಎಲ್ಲ ಕಡೆ ಸಿಗುವುದಿಲ್ಲ. ಹೀಗಾಗಿ ಎಷ್ಟೋ ಮಂದಿ ತಮಗೆ ಬೇಡದ ಅಪಸ್ಮಾರದ ಔಷಧಗಳನ್ನು ವರ್ಷಗಟ್ಟಲೆ ನುಂಗುತ್ತಾರೆ. ಅವುಗಳಲ್ಲಿ ವಾಲ್ಪ್ರೋಯೇಟ್‌ನಂಥದ್ದು ಗರ್ಭಿಣಿಯ ಮಗುವಿಗೆ ಅಪಾಯಕಾರಿ. ಹಾಗೆಂದು ಈ ಪತ್ರ ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಕೆಲವರಿಗೆ ಎರಡೂ ಬಗೆಯ ಫಿಟ್ಸ್ ಇರುತ್ತವೆ, ಅಪಸ್ಮಾರದ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ನಾಟಕವೆಂಬ ಹೀಯಾಳಿಕೆ ಕೇಳಿದವರು ಸಿಟ್ಟಿನಲ್ಲಿ ಮಾಡುವುದು ಸಾಮಾನ್ಯವಾಗಿ ಅದನ್ನೇ ಆದ್ದರಿಂದ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದ್ದು. ಜಿಲ್ಲಾ ಮಾನಸಿಕ ಆರೋಗ್ಯ ಸೇವೆಯ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿಯಲ್ಲಿ ರೂಪಿಸಿತ್ತೆಂಬುದು ನಾವೆಲ್ಲ ಹೆಮ್ಮೆಪಡಬೇಕಾದ ಸಂಗತಿ. ಆದರೆ ಸಣ್ಣ ಊರಿನಲ್ಲಿ ಮಂಗಳವಾರದ ಸಾಲಿನಲ್ಲಿ ಯಾರು ನಿಂತಿದ್ದರೆಂಬುದು ಸಂಜೆಯೊಳಗೆ ಸಂತೆಗೂ ಗೊತ್ತಾಗುತ್ತದೆ. ಕರುಳಿನ ನೋವಿನವರನ್ನು, ಕಾಲು ಸೋತವರನ್ನು ಏನೂ ವಿವರಿಸದೆ ಆ ಸಾಲಿಗೆ ಕಳಿಸಿದರೆ ಎರಡನೆಯ ಭೇಟಿಗೆ ಅವರು ಬರುವುದಿಲ್ಲ. ಅವರಿಗೆ ಚಿಕಿತ್ಸೆ ಮುಂದುವರಿಯಬೇಕಾದದ್ದು ಸಾಮಾನ್ಯ ಹೊರರೋಗಿ ವಿಭಾಗದಲ್ಲೇ, ಅದೇ ವೈದ್ಯರ ಬಳಿಯೇ. ಮನೋವೈದ್ಯರ ನೆರವು ಬೇಕಾದಾಗ ಅವರೂ ಅಲ್ಲಿಗೇ ಬಂದು ನೋಡುವುದು ಆಗದ ಮಾತೇನಲ್ಲ. ಸಾಲಿನಲ್ಲಿ ನಿಲ್ಲಲು ಅಂಜುವವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಮಾತ್ರೆ ಬಿಟ್ಟವರನ್ನು ಗದರಿಸುವ ಮೊದಲು ಯಾಕೆ ಬಿಟ್ಟರೆಂದು ಕೇಳುವ ತಾಳ್ಮೆ ನಮಗೆ ಬೇಕು. ಬೆಳಗಿನ ಜಾವದ ಬಸ್ ಓಡಿಸುವ ಚಾಲಕರೊಬ್ಬರು ರಾತ್ರಿ ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದು, ಸ್ಟಿಯರಿಂಗ್ ಮುಂದೆ ತೂಕಡಿಸಿದರೆ ಗತಿಯೇನೆಂಬ ಹೆದರಿಕೆಯಿಂದ. ಪ್ರಯಾಣಿಕರ ಜೀವದ ಹೊಣೆ ಹೊತ್ತವರ ಆ ಹೆದರಿಕೆ ಸರಿಯಾದದ್ದೇ. ಆದರೆ ಅದನ್ನು ವೈದ್ಯರಿಗೆ ಹೇಳಿದರೆ ಮಾಲೀಕರ ಕಿವಿಗೂ ಬಿದ್ದು ಕೆಲಸಕ್ಕೆ ಸಂಚಕಾರ ಬರುತ್ತದೆಂದು ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಹೇಳಿದ್ದರೆ ಮಾತ್ರೆಯ ಹೊತ್ತನ್ನೋ ಮಾತ್ರೆಯನ್ನೋ ಬದಲಿಸಿಕೊಡುತ್ತಿದ್ದರು.

ರೋಗಿಯ ಗೋಪ್ಯತೆಯನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಹಕ್ಕೆಂದು ಹೇಳಿದೆ. ಔಷಧದ ಬಗ್ಗೆ ರೋಗಿಗೆ ತಿಳಿವಳಿಕೆ ನೀಡುವುದು ಫಾರ್ಮಸಿಸ್ಟರ ಕೆಲಸವೆಂದು ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ನಿಯಮಾವಳಿಯಲ್ಲೂ ಇದೆ. ಆದ್ದರಿಂದ ಆರೋಗ್ಯ ಇಲಾಖೆ ಈ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಒಂದೊಂದು ಪುಟದ ಕರಪತ್ರ ಅಚ್ಚು ಹಾಕಿಸಲಿ. ಮಾತ್ರೆಯನ್ನು ಯಾಕೆ ಕೊಟ್ಟಿದೆ, ಗುಣ ಕಾಣಲು ಎಷ್ಟು ದಿನ ಬೇಕು, ಮೊದಲ ವಾರ ಏನಾಗಬಹುದು, ಯಾರನ್ನು ಕೇಳದೆ ನಿಲ್ಲಿಸಬಾರದು ಎಂಬುದು ಅದರಲ್ಲಿರಲಿ. ಅದನ್ನು ರೋಗಿಯ ಜೊತೆಗೆ ಬಂದ ಮನೆಯವರಿಗೂ ಓದಿ ಹೇಳುವಂತಾಗಲಿ. ಎರಡನೆಯ ವಾರಕ್ಕೆ ಆಸ್ಪತ್ರೆಯಿಂದಲೇ ಒಂದು ಫೋನ್ ಹೋಗಲಿ. ಔಷಧ ಕೌಂಟರಿನ ಮುಂದೆ ಒಬ್ಬರ ನಂತರ ಒಬ್ಬರು ನಿಂತು ಮೆಲುದನಿಯಲ್ಲಿ ಮಾತಾಡುವಷ್ಟು ಜಾಗ ಬಿಡಿಸಲು ಹೊಸ ಅನುದಾನವೇನೂ ಬೇಕಾಗಿಲ್ಲ, ನೆಲದ ಮೇಲೆ ಒಂದು ಗೆರೆ ಎಳೆದರಾಯಿತು. ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಈ ತಿಂಗಳೇ ಮಾಡಿಸಬಹುದು.

ಇಂತಿ,
ನಿವೃತ್ತ ಫಾರ್ಮಸಿಸ್ಟ್,
ತುಮಕೂರು ಜಿಲ್ಲೆ