ಭಾನುವಾರದ ಕಾಣಿಕೆ: ಓದಿಕೊಂಡು ಬನ್ನಿ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಕೂತು ಮನಸಾರೆ ಕೊಡುವುದರ ಬಗ್ಗೆ ಮಾತಾಡೋಣ. ಹಿರಿಯರು, ಯುವಜನರು ಎಲ್ಲರೂ ಇರಿ. ಬೈಬಲಿನಲ್ಲಿ ಮಾರ್ಕ 12:41-44, 2 ಕೊರಿಂಥ 8 ಮತ್ತು 9ನೇ ಅಧ್ಯಾಯ ಓದಿಕೊಂಡು ಬನ್ನಿ.

ಮಾರ್ಕನ ಭಾಗದಲ್ಲಿ ಬರುವ ಆ ಬಡ ವಿಧವೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಣವಂತರು ಜಾಸ್ತಿ ಜಾಸ್ತಿ ಹಾಕುತ್ತಿದ್ದಾರೆ, ಈಕೆಯ ಕೈಯಲ್ಲಿ ಇರುವುದು ಎರಡೇ ಚಿಕ್ಕ ಕಾಸು. ಒಂದನ್ನು ಇಟ್ಟುಕೊಳ್ಳಬಹುದಿತ್ತು, ಅಲ್ವಾ? ಎರಡನ್ನೂ ಹಾಕಿದಳು. ಯೇಸು ಶಿಷ್ಯರನ್ನು ಕರೆದು ತೋರಿಸಿದ್ದು ಅವಳನ್ನೇ. 2 ಕೊರಿಂಥದಲ್ಲಿ ಬರುವ ಮಕೆದೋನ್ಯದ (ಗ್ರೀಸಿನ ಉತ್ತರದ ಪ್ರಾಂತ್ಯ) ಸಭೆಗಳವರೂ ಹಾಗೇ, ತಾವೇ ಕಡುಬಡತನದಲ್ಲಿದ್ದರೂ ಯೆರೂಸಲೇಮಿನ ಬಡವರಿಗೆ ಕೊಡಲು ನಮಗೂ ಅವಕಾಶ ಬೇಕು ಅಂತ ಅಪೊಸ್ತಲ ಪೌಲನನ್ನು ಬೇಡಿಕೊಂಡರು. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ.

ಎಷ್ಟು ಕೊಡಬೇಕು ಅನ್ನುವುದನ್ನು ಮನೆಯಲ್ಲೇ ಪ್ರಾರ್ಥಿಸಿ ತೀರ್ಮಾನಿಸಿ. ಲಕೋಟೆ ಮೇಲೆ ಹೆಸರು ಬೇಡ. ಬೇರೆಯವರು ಏನಂದುಕೊಳ್ಳುತ್ತಾರೋ ಅಂತ ಒತ್ತಾಯಕ್ಕೆ ಕೊಡಬೇಡಿ. ಕೈಯಲ್ಲಿ ಹಣ ಇಲ್ಲದವರು ಸುಮ್ನೆ ಸಂಕೋಚಪಟ್ಟು ಮನೆಯಲ್ಲೇ ಉಳಿಯಬೇಡಿ, ದಯವಿಟ್ಟು. ಕಾಯಿಲೆ ಬಿದ್ದವರ ಪಕ್ಕ ಒಂದು ಗಂಟೆ ಕೂರುವುದೂ ಕಾಣಿಕೆಯೇ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಕುರ್ಚಿ ಹಾಕಿಸಬೇಕು.