ಮರಿ ಅಂಜಲ್ ಇನ್ನು ನಮ್ಮಲ್ಲಿ ಇಲ್ಲ

ಪ್ರಿಯ ಗ್ರಾಹಕರೇ,

ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದೆ. ಬೋಟುಗಳು ಕಡಲಿಗಿಳಿದ ಮೇಲೆ ನಮ್ಮ ದರಪಟ್ಟಿಯಲ್ಲಿ ‘ಮರಿ ಅಂಜಲ್, ಇಡೀ ಮೀನು’ ಎಂಬ ಸಾಲು ಕಾಣೆಯಾಗಿರುತ್ತದೆ. (ಕಾಣೆ ಮೀನು ಕಾಣೆಯಾಗಿಲ್ಲ, ಎಂದಿನಂತೆ ಇದೆ.) ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಅಂಜಲನ್ನು ನಮ್ಮ ಸಂಘ ಇನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ.

ಮರಿ ಅಂಜಲ್ ಎಂದರೆ ಬೇರೆಯೇ ಒಂದು ಸಣ್ಣ ಜಾತಿ ಎಂದು ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ತಪ್ಪು ನಿಮ್ಮದಲ್ಲ, ಹಾಗೆ ತೋರುವಂತೆ ಪಟ್ಟಿ ಬರೆದವರು ನಾವು. ಅದು ಒಮ್ಮೆಯೂ ಮೊಟ್ಟೆಯಿಡದ ಅಂಜಲ್, ಅಷ್ಟೇ. ಎರಡು ಮೀಟರು ದಾಟಿ 70 ಕಿಲೋವರೆಗೂ ಬೆಳೆಯಬಲ್ಲ ಈ ಮೀನು ಪ್ರಾಯಕ್ಕೆ ಬರುವುದು ಸುಮಾರು ಎರಡು ವರ್ಷಕ್ಕೆ. ಆಗ ಮೂತಿಯಿಂದ ಬಾಲದ ಕವಲಿನವರೆಗೆ ಹೆಚ್ಚುಕಡಿಮೆ 70 ಸೆಂ.ಮೀ. ಇರುತ್ತದೆ. ಅಷ್ಟುದ್ದದ ಮೀನು ತಕ್ಕಡಿಯಲ್ಲಿ ಎರಡೂವರೆ ಕಿಲೋ ಆಸುಪಾಸು ತೂಗುತ್ತದೆ. ನಮ್ಮ ಲೆಕ್ಕ ಬಂದದ್ದು ಅಲ್ಲಿಂದ.

ಬೇರೆಡೆ ಕೊಳ್ಳುವಾಗ ಪಕ್ಕೆ ನೋಡಿ. ದೊಡ್ಡ ಅಂಜಲಿನ ಬೆಳ್ಳಿಮೈಯಲ್ಲಿ ಬೆನ್ನಿನಿಂದ ಹೊಟ್ಟೆಯತ್ತ ಬಳುಕುತ್ತ ಇಳಿಯುವ ಗೆರೆಗಳು 40–50 ಇರುತ್ತವೆ. ಮರಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತೂ ಇರುವುದಿಲ್ಲ. ಗೆರೆಯ ಬದಲು ಸಾಲುಸಾಲು ಚುಕ್ಕೆಗಳಿದ್ದರೆ ಅದು ನಿಜಕ್ಕೂ ಬೇರೆ ಜಾತಿ, ಬೆಳೆಯುವುದೇ ಚಿಕ್ಕದಾಗಿ. ಅದಕ್ಕೆ ಈ ನಿಯಮವಿಲ್ಲ, ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಅದನ್ನು ಕಂಡು ‘ಮಾತು ತಪ್ಪಿದಿರಿ’ ಎನ್ನಬೇಡಿ.

ಮರಿಗಳು ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲಿ ಬೆಳೆಯುತ್ತವೆ. ಸಣ್ಣ ಕಣ್ಣಿನ ಬಲೆಗೆ ಸಿಕ್ಕಿಬೀಳುವುದೂ ಅದಕ್ಕೇ. ದೊಡ್ಡವು ಭೂತಾಯಿ, ಬಂಗುಡೆ ಮೀನುಗಳ ಹಿಂಡುಗಳ ಬೆನ್ನು ಹತ್ತಿ ಓಡುತ್ತವೆ. ಅಂಜಲಿನ ಹೊಟ್ಟೆಯಲ್ಲಿ ತೇಲಿಸುವ ಗಾಳಿಚೀಲವಿಲ್ಲ, ಈಜು ನಿಲ್ಲಿಸಿದರೆ ಮುಳುಗಿತು. ಹವ್ಯಾಸಕ್ಕೆ ಗಾಳ ಹಾಕುವವರು ಇದಕ್ಕಾಗಿ ಹಗಲಿಡೀ ಕಾಯುವುದು ಆ ಓಟ ನೋಡಲೆಂದೇ. ದಾರದ ತುದಿಗೆ ತಂತಿ ಕಟ್ಟದಿದ್ದರೆ ಹಲ್ಲು ಕತ್ತರಿಯಂತೆ ತುಂಡರಿಸಿ ಹೋಗುತ್ತದೆ. ಇನ್ನು ಮುಂದೆ ನಾವು ಆದಷ್ಟೂ ಗಾಳದ ದೋಣಿಗಳಿಂದಲೇ ಕೊಳ್ಳುತ್ತೇವೆ. ಬಲೆಯಲ್ಲಿ ನುಗ್ಗಾಗದ ಮೀನಿನ ತುಂಡು ಕಾವಲಿಯ ಮೇಲೆ ಬಿರಿಯುವುದಿಲ್ಲ.

ದರ ಏರುತ್ತದೆ, ಮುಚ್ಚಿಡುವುದೇನಿದೆ. ಇಬ್ಬರೇ ಇರುವ ಮನೆಯವರು ಅರ್ಧ ಕಿಲೋ ತುಂಡುಗಳನ್ನೂ ಕೊಳ್ಳಬಹುದು. ಸಾರಿಗೆ ತಲೆ ಬೇಕಿದ್ದರೆ ಮೊದಲೇ ತಿಳಿಸಿ, ಒಂದು ಮೀನಿಗೆ ಇರುವುದು ಒಂದೇ ತಲೆ. ಮರಿ ಅಂಜಲಿಗೆ ಈಗಾಗಲೇ ಹಣ ಕಟ್ಟಿದವರಿಗೆ ಅದೇ ಮೊತ್ತದ ತುಂಡುಗಳನ್ನು ಕಳುಹಿಸುತ್ತೇವೆ. ಬೇಡವೆಂದರೆ ಹಣ ಹಿಂದಿರುಗಿಸುತ್ತೇವೆ.

ಇಂತಿ,
ಸಂಘದ ಮಾರಾಟ ವಿಭಾಗ, ಮಲ್ಪೆ